ಸ್ಪೀಕರ್ ಕೊಳ್ಳುವವರ ಕಿವಿಗೆ ಒಂದಿಷ್ಟು ಮಾತು

ನಮ್ಮ ಯಜಮಾನರು ಮುಳಬಾಗಿಲು ಕಡೆ ಇಪ್ಪತ್ತೆಂಟು ವರ್ಷ ಮೈಕ್ ಸೆಟ್ ಬಾಡಿಗೆಗೆ ಬಿಟ್ಟವರು. ಮದುವೆ, ನಾಟಕ, ಜಾತ್ರೆ, ಎಲೆಕ್ಷನ್, ಎಲ್ಲಕ್ಕೂ ನಮ್ಮ ಮನೆ ಹಾರನ್ನೇ ಹೋಗುತ್ತಿತ್ತು. ಅವರು ಹೊರಗೆ ಕಂಬಕ್ಕೆ ಹಾರನ್ ಕಟ್ಟುತ್ತಿದ್ದರೆ, ಸುಟ್ಟ ಕಾಯಿಲ್ ಬಿಚ್ಚೋದು, ಹರಿದ ಪೇಪರಿಗೆ ಅಂಟು ಹಚ್ಚೋದು, ಬಾಕಿ ಬರೆಯೋದು ನನ್ನ ಪಾಲು. ಈಗ ಆ ಸಾಮಾನೆಲ್ಲ ಅಟ್ಟ ಸೇರಿದೆ. ಆದರೂ ಕೋಲಾರ, ಮಾಲೂರು, ಶ್ರೀನಿವಾಸಪುರದ ನೆಂಟರಲ್ಲಿ ಯಾರೇ ಟಿವಿಗೆ ಸ್ಪೀಕರ್ ತರಬೇಕೆಂದರೂ ಮೊದಲು ನನಗೇ ಫೋನು. ಎಲ್ಲ ಕೇಳಿಸಿಕೊಳ್ಳುತ್ತಾರೆ, ಹೂಂ ಅನ್ನುತ್ತಾರೆ, ಅಂಗಡಿ ಮೆಟ್ಟಿಲು ಹತ್ತಿದ ಮೇಲೆ ಮರೆತು, ಯಾವುದು ಜೋರೋ ಅದನ್ನೇ ಹೊತ್ತು ತರುತ್ತಾರೆ. ಅದಕ್ಕೇ ಈ ಸಲ ಬರೆದೇ ಕೊಡುತ್ತಿದ್ದೇನೆ. ಚೀಟಿ ಮಡಿಸಿ ಜೇಬಲ್ಲಿ ಇಟ್ಟುಕೊಂಡು ಹೋಗಿ.

ಮನೆ ಬಿಡುವ ಮುಂಚೆ

• ಹಾಲ್ ಅಳತೆ ತೆಗೆದು ಬರೆದುಕೊಳ್ಳಿ. ಹತ್ತಡಿ ಹನ್ನೆರಡಡಿ ಕೋಣೆಗೆ ಕಲ್ಯಾಣ ಮಂಟಪದ ಬಾಕ್ಸ್ ತಂದರೆ ಟೀಪಾಯಿ ಮೇಲಿನ ಲೋಟ ಕುಣಿಯುತ್ತದೆ, ಹಾಡು ಕೇಳುವುದಿಲ್ಲ.

• ಕೋಣೆ ಮಧ್ಯೆ ನಿಂತು ಒಂದು ಸಲ ಜೋರಾಗಿ ಚಪ್ಪಾಳೆ ತಟ್ಟಿ. 'ಟಪ್' ಅಂತ ಅಲ್ಲೇ ಮುಗಿದರೆ ಒಳ್ಳೆಯದು. 'ಟ್ರಿಣ್' ಅಂತ ಬಾಲ ಎಳೆದರೆ ಕೋಣೆಯೇ ಶಬ್ದ ಕೆಡಿಸುತ್ತಿದೆ ಅಂತ ಅರ್ಥ. ನಮ್ಮ ಕಡೆಯ ಕಲ್ಲು ಚಪ್ಪಡಿ ಗೋಡೆಗೂ, ಹೊಸ ಆರ್‌ಸಿಸಿ ಮನೆಯ ಟೈಲ್ಸ್ ನೆಲಕ್ಕೂ ಈ ರೋಗ ಇದೆ. ಐವತ್ತು ಸಾವಿರದ ಸ್ಪೀಕರ್ ತಂದರೂ ಈ ಬಾಲ ಹೋಗುವುದಿಲ್ಲ. ಜಮಖಾನೆ ಹಾಸಿ, ದಪ್ಪ ಕರ್ಟನ್ ಬಿಡಿ, ದಿವಾನ್ ಮೇಲೆ ನಾಲ್ಕು ದಿಂಬು ಇಡಿ, ಆಮೇಲೆ ಮತ್ತೆ ತಟ್ಟಿ ನೋಡಿ. ಸಾವಿರ ರೂಪಾಯಿಯೊಳಗೆ ಅರ್ಧ ಕೆಲಸ ಆಗಿರುತ್ತದೆ.

• ಹಳೇ ಮಾಲೂರು ಹಂಚಿನ ಮನೆಯಲ್ಲಿ ಇರುವವರು ಪುಣ್ಯವಂತರು. ಇಳಿಜಾರು ಸೂರು, ಮರದ ತೊಲೆ, ಸಂದುಗೊಂದು, ಇವೆಲ್ಲ ಶಬ್ದವನ್ನು ಒಂದೇ ಕಡೆ ಬಡಿದು ವಾಪಸ್ ಬರಲು ಬಿಡುವುದಿಲ್ಲ. ಆದರೆ ಒಂದು ಎಚ್ಚರ. ಶಬ್ದವನ್ನು ಮೇಲಕ್ಕೆ ಚಿಮ್ಮಿಸಿ ಚಾವಣಿಯಿಂದ ಇಳಿಸುತ್ತೇವೆ ಅನ್ನೋ ಅಟ್ಮಾಸ್ ಸೌಂಡ್ ಬಾರ್ ಇದೆಯಲ್ಲ, ಅದಕ್ಕೆ ಸಪಾಟು ಚಾವಣಿ ಬೇಕು. ಹಂಚಿನ ಸೂರಿಗೆ ಆ ದುಡ್ಡು ದಂಡ.

• ಯಾರು ಏನು ಕೇಳುತ್ತಾರೆ ಅಂತ ಮನೆಯವರನ್ನೆಲ್ಲ ಕೇಳಿ. ಅಜ್ಜನಿಗೆ ಕಛೇರಿ, ಮಗನಿಗೆ ಸಿನಿಮಾ, ನಿಮಗೆ ಬೆಳಗ್ಗೆ ಅಡಿಗೆ ಮಾಡುತ್ತಾ ಭಕ್ತಿಗೀತೆ. ಹಾಡೇ ಹೆಚ್ಚಾದರೆ ಎರಡು ಒಳ್ಳೆ ಬಾಕ್ಸ್ ಸಾಕು. ಸಿನಿಮಾ ಹೆಚ್ಚಾದರೆ ಮಧ್ಯದಲ್ಲಿ ಮಾತಿಗೆಂದೇ ಒಂದು ಬಾಕ್ಸ್ ಇರುವುದನ್ನು ನೋಡಿ.

• ಟೊಮೆಟೊ ದುಡ್ಡು ಕೈಗೆ ಬಂದ ದಿನವೇ ಅಂಗಡಿಗೆ ಓಡಬೇಡಿ. 2023ರ ಜುಲೈನಲ್ಲಿ ಕೋಲಾರದ ಎಪಿಎಂಸಿಯಲ್ಲಿ ಹದಿನೈದು ಕೆಜಿ ಬಾಕ್ಸ್ ಎರಡು ಸಾವಿರ ದಾಟಿದಾಗ ನಮ್ಮ ಅಣ್ಣನ ಮಗ ಅದೇ ವಾರ ಏಳು ಡಬ್ಬಿಯ ಹೋಮ್ ಥಿಯೇಟರ್ ತಂದ. ಈಗ ಎರಡು ಟಿವಿ ಪಕ್ಕ ಇವೆ, ಒಂದರ ಮೇಲೆ ಫೋನ್ ಚಾರ್ಜಿಗೆ ಇಡುತ್ತಾರೆ, ಉಳಿದವು ಬೀರು ಮೇಲೆ. ಒಂದು ವಾರ ತಡೆಯಿರಿ. ಆಸೆ ಇಳಿದ ಮೇಲೂ ಬೇಕು ಅನ್ನಿಸಿದ್ದನ್ನೇ ತನ್ನಿ. ಶ್ರೀನಿವಾಸಪುರದ ಮಾವಿನ ಸುಗ್ಗಿಯವರಿಗೂ ಇದೇ ಮಾತು.

• ಹತ್ತು ರೂಪಾಯಿ ಇದ್ದರೆ ಎಂಟನ್ನು ಸ್ಪೀಕರಿಗೆ ಹಾಕಿ, ಎರಡನ್ನು ತೆಗೆದಿಡಿ. ವೈರು, ಸ್ಟ್ಯಾಂಡು, ಸ್ಟೆಬಿಲೈಸರ್ ಅಂತ ಬಂದೇ ಬರುತ್ತದೆ. ಎಲ್ಲ ಖರ್ಚು ಮಾಡಿ ಬಂದವರೇ ಆಮೇಲೆ ಗಂಟೆ ಬೆಲ್ಲಿನ ವೈರು ಸುತ್ತುವುದು.

• ಭಾನುವಾರ ಸಂಜೆ ಹೋಗಬೇಡಿ. ವಾರದ ದಿನ ಬೆಳಗ್ಗೆ ಹನ್ನೊಂದರ ಹೊತ್ತಿಗೆ ಹೋಗಿ. ಅಂಗಡಿ ಖಾಲಿ ಇರುತ್ತದೆ, ಹುಡುಗರಿಗೂ ತಾಳ್ಮೆ ಇರುತ್ತದೆ.

• ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲಿ ಅಗ್ಗ ಅಂತ ಎಪ್ಪತ್ತು ಕಿಲೋಮೀಟರ್ ಹೋಗಿ ಬರುವವರಿದ್ದಾರೆ. ಹೋಗಿ, ಬೇಡ ಅನ್ನುವುದಿಲ್ಲ. ಆದರೆ ಬಸ್ ಚಾರ್ಜು, ಊಟ, ರಿಪೇರಿ ಬಂದರೆ ಮತ್ತೆ ಹೊತ್ತುಕೊಂಡು ಹೋಗುವ ದಿನದ ಕೂಲಿ, ಇಷ್ಟನ್ನೂ ಕೂಡಿಸಿ ನೋಡಿ. ಉಳಿತಾಯ ಐನೂರು ರೂಪಾಯಿ ಆದರೆ ಕೋಲಾರದ ಡೂಂಲೈಟ್ ಸರ್ಕಲ್ ಸುತ್ತಮುತ್ತಲೇ ತಗೊಳ್ಳಿ. ಕೆಟ್ಟರೆ ಎದುರು ಹೋಗಿ ನಿಂತು ಕೇಳಬಹುದು.

• ನಿಮಗೆ ಬಾಯಿಪಾಠ ಇರುವ ನಾಲ್ಕು ಹಾಡು ಪೆನ್‌ಡ್ರೈವ್‌ಗೆ ಹಾಕಿಕೊಂಡು ಹೋಗಿ. ವಾಟ್ಸಾಪ್‌ನಲ್ಲಿ ಹತ್ತು ಕೈ ದಾಟಿ ಬಂದ ಹಾಡು ಬೇಡ. ಅದು ಹಿಂಡಿ ತೆಗೆದ ಕಬ್ಬಿನ ಸಿಪ್ಪೆ, ಯಾವ ಸ್ಪೀಕರಿನಲ್ಲೂ ರಸ ಬರುವುದಿಲ್ಲ.

• ಹತ್ತು ಹನ್ನೆರಡು ವರ್ಷದ ಮಗುವೊಂದನ್ನು ಜೊತೆಗೆ ಕರೆದೊಯ್ಯಿರಿ. ಎಳೆ ಕಿವಿಗೆ 20 ಹರ್ಟ್ಸ್‌ನಿಂದ 20,000 ಹರ್ಟ್ಸ್‌ವರೆಗೆ ಕೇಳುತ್ತದೆ ಅನ್ನುತ್ತಾರೆ. ವಯಸ್ಸಾದಂತೆ ಮೇಲಿನ ಸಣ್ಣ ಸ್ವರ ಮೊದಲು ಹೋಗುತ್ತದೆ. ನನಗೆ ಕೇಳದ 'ಕೀಂ' ಒಂದನ್ನು ಮೊಮ್ಮಗಳು ಹಿಡಿದು ಒಂದು ಆಂಪ್ಲಿ ವಾಪಸ್ ಕೊಡಿಸಿದ್ದಾಳೆ.

ಅಂಗಡಿಯಲ್ಲಿ

• ಮೊದಲು ಬೆನ್ನು ನೋಡಿ, ಆಮೇಲೆ ಮುಖ. ಡಬ್ಬಿಯ ಮುಂದೆ ಪಿಎಂಪಿಓ 5000 ವ್ಯಾಟ್ ಅಂತ ಕೆಂಪಕ್ಷರ ಇರುತ್ತದೆ. ಹಿಂದೆ ಸಣ್ಣ ಚೀಟಿಯಲ್ಲಿ 230 ವೋಲ್ಟ್, 60 ವ್ಯಾಟ್ ಅಂತ ಇರುತ್ತದೆ. ಹಸು ತಿಂದಷ್ಟಕ್ಕೆ ತಾನೇ ಹಾಲು? ಗೋಡೆಯಿಂದ ಅರವತ್ತು ಎಳೆಯುವುದು ಐದು ಸಾವಿರ ಎಲ್ಲಿಂದ ಕರೆಯುತ್ತದೆ? 'ಆರ್‌ಎಂಎಸ್ ಎಷ್ಟು' ಅಂತ ಕೇಳಿ. ಆ ಲೆಕ್ಕ ಒಂದೇ ನಂಬಿ. ಸಾಧಾರಣ ಹಾಲಿಗೆ ಒಂದೊಂದು ಬಾಕ್ಸಿಗೆ ಮೂವತ್ತು ನಲವತ್ತು ಆರ್‌ಎಂಎಸ್ ವ್ಯಾಟ್ ಧಾರಾಳ.

• ಬೇರೆ ಆಂಪ್ಲಿ, ಬೇರೆ ಬಾಕ್ಸ್ ತಗೊಳ್ಳುವವರು ಓಮ್ ನೋಡಿ. ಆಂಪ್ಲಿ ಬೆನ್ನಲ್ಲಿ 8 ಓಮ್ ಅಂತ ಬರೆದಿದ್ದರೆ 4 ಓಮ್ ಬಾಕ್ಸ್ ಸಿಕ್ಕಿಸಬೇಡಿ, ಕಾದು ಸಾಯುತ್ತದೆ. ನಮ್ಮ ಹುಡುಗನೊಬ್ಬ ಒಂದು ಮದುವೆಯಲ್ಲಿ 8 ಓಮಿನ ನಾಲ್ಕು ಬಾಕ್ಸನ್ನು ಒಂದೇ ತಂತಿಗೆ ಜೊತೆಜೊತೆಯಾಗಿ ಕಟ್ಟಿದ. ಎಂಟು ಇಳಿದು ಎರಡಾಯಿತು. ಮುಹೂರ್ತಕ್ಕೆ ಸರಿಯಾಗಿ ಆಂಪ್ಲಿಯಿಂದ ಹೊಗೆ, ಓಲಗದವರು ಇದ್ದದ್ದಕ್ಕೆ ಮಾನ ಉಳಿಯಿತು.

• ಪುಸ್ತಕದಲ್ಲಿ ಸೆನ್ಸಿಟಿವಿಟಿ ಅಂತ 86, 89 ಡೆಸಿಬಲ್ ಹೀಗೆ ಬರೆದಿರುತ್ತಾರೆ. ಮೂರೇ ತಾನೇ ಅನ್ನಬೇಡಿ. 89ರದ್ದು ಹಾಡುವಷ್ಟೇ ಜೋರಾಗಿ 86ರದ್ದು ಹಾಡಬೇಕಾದರೆ ಆಂಪ್ಲಿ ಎರಡರಷ್ಟು ವ್ಯಾಟ್ ಕೊಡಬೇಕು.

• ಬೆರಳ ಗೆಣ್ಣಿನಿಂದ ಬಾಕ್ಸಿನ ಪಕ್ಕಕ್ಕೆ ತಟ್ಟಿ. ಹಲಸಿನಹಣ್ಣು ತಟ್ಟಿ ನೋಡಲು ಬರುವ ನಿಮಗೆ ಇದೇನು ಕಷ್ಟವಲ್ಲ. ಗಟ್ಟಿ 'ದಬ್ ದಬ್' ಬಂದರೆ ಮರ ಚೆನ್ನಾಗಿದೆ. ಟೊಳ್ಳು ತಗಡಿನ ಹಾಗೆ ಬಂದರೆ ಬೇಸ್ ಬಂದಾಗ ಬಾಕ್ಸೇ ಹಾಡಲು ಶುರುಮಾಡುತ್ತದೆ.

• ಅಂಗಡಿಯವರು ಹಾಕುವ ಸಿನಿಮಾ ಫೈಟಿಗೆ ಮರುಳಾಗಬೇಡಿ. ನಮ್ಮ ಜಿಲ್ಲೆಯ ಊರಿನದೇ ಹೆಸರಿನ 'ಕೆಜಿಎಫ್' 2018ರಲ್ಲಿ ಬಂತು, 2022ರಲ್ಲಿ ಎರಡನೇ ಭಾಗ ಬಂತು, ಅಂದಿನಿಂದ ಎಲ್ಲ ಅಂಗಡಿಯಲ್ಲೂ ಅದೇ ಸುತ್ತಿಗೆ, ಅದೇ ಗುದ್ದು. ಗುದ್ದು ಯಾವ ಡಬ್ಬಿಯಲ್ಲೂ ಗುದ್ದೇ. ಅದೇ ಸಿನಿಮಾದಲ್ಲಿ ಹಿಂದೆ ಗಲಾಟೆ ನಡೆಯುತ್ತಿರುವಾಗ ಮೆಲ್ಲಗೆ ಮಾತಾಡುವ ಜಾಗ ಹಾಕಿಸಿ. ಮಾತು ಬಿಡಿಬಿಡಿಯಾಗಿ ಕೇಳಬೇಕು. ಕೇಳದಿದ್ದರೆ ಮನೆಯಲ್ಲಿ ರಿಮೋಟ್ ಕೈಯಲ್ಲೇ ಇಟ್ಟುಕೊಂಡು ಮಾತಿಗೆ ಏರಿಸಿ ಫೈಟಿಗೆ ಇಳಿಸಿ ಕೂತಿರಬೇಕಾಗುತ್ತದೆ.

• ಎರಡು ಸ್ಪೀಕರ್ ಹೋಲಿಸುವಾಗ ಎರಡರ ಜೋರೂ ಒಂದೇ ಇರಲಿ. ಇದನ್ನು ಮಾತ್ರ ಮರೆಯಬೇಡಿ, ಬೇರೆ ಎಲ್ಲ ಮರೆತರೂ ಪರವಾಗಿಲ್ಲ. ಕಿವಿ ಬಹಳ ಪೆದ್ದು. ಒಂದು ಕೂದಲೆಳೆ ಜೋರಾಗಿರುವುದೇ ಚೆನ್ನಾಗಿದೆ ಅನ್ನುತ್ತದೆ. ಯಾವುದನ್ನು ಮಾರಬೇಕೋ ಅದರ ಗುಂಡಿಯನ್ನು ಮಾತಾಡುತ್ತಾ ಮಾತಾಡುತ್ತಾ ಅರ್ಧ ಸುತ್ತು ಹೆಚ್ಚು ತಿರುಗಿಸುವ ಕೈಗಳನ್ನು ನಾನು ನೋಡಿದ್ದೇನೆ. ನಮ್ಮ ಮನೆಯಲ್ಲೂ ಅಂಥ ಒಂದು ಕೈ ಇತ್ತು, ಹೇಳಬಾರದು. ನೀವೇ ಗುಂಡಿ ಹಿಡಿಯಿರಿ. ಒಂದೇ ಹಾಡಿನ ಒಂದೇ ಚರಣ ಹಾಕಿ, ಜೋರು ಸಮ ಮಾಡಿ, ಕಣ್ಣು ಮುಚ್ಚಿ ಕೇಳಿ.

• ಬೇಸ್, ಟ್ರೆಬಲ್ ಗುಂಡಿ ಎರಡನ್ನೂ ನಡುಮಧ್ಯಕ್ಕೆ ತಂದೇ ಕೇಳಿ. ಖಾರ ಜಾಸ್ತಿ ಹಾಕಿ ಹಳಸಿದ ಸಾರು ಬಡಿಸುವುದು ಹೋಟೆಲಿನ ಹಳೇ ವಿದ್ಯೆ.

• ಮೊದಲು ಹಾಡು ಬೇಡ, ವಾರ್ತೆ ಹಾಕಿ. ಓದುವವರ ಧ್ವನಿ ಮೂಗು ಕಟ್ಟಿದಂತೆಯೋ ಡ್ರಮ್ಮಿನೊಳಗಿಂದ ಬಂದಂತೆಯೋ ಇದ್ದರೆ ಅಲ್ಲಿಂದಲೇ ನಮಸ್ಕಾರ ಹೇಳಿ. ಮನುಷ್ಯರ ಧ್ವನಿ ಹೇಗಿರುತ್ತದೆ ಅಂತ ಹುಟ್ಟಿದಾಗಿನಿಂದ ಕೇಳಿದ್ದೀರಿ, ಆ ವಿಷಯದಲ್ಲಿ ನಿಮಗೆ ಯಾರೂ ಮೋಸ ಮಾಡಲಾರರು.

• ವಾರ್ತೆಯಲ್ಲೇ ಇನ್ನೊಂದು ನೋಡಿ. 'ಸ'ಕಾರ 'ಶ'ಕಾರ ಬೇರೆ ಬೇರೆ ಕೇಳುತ್ತದೆಯೇ? 'ಶಾಸಕ', 'ಸಂತೋಷ' ಅನ್ನುವಾಗ ಎರಡೂ ಒಂದೇ ಆದರೆ ಸಣ್ಣ ಸ್ವರ ಹಾಡುವ ಟ್ವೀಟರ್ ಮಂಕು. 'ಸ್ಸ್ಸ್' ಅಂತ ಹಲ್ಲು ಜುಮ್ಮೆನ್ನಿಸಿದರೆ ಟ್ವೀಟರ್ ಅತಿ ಚೂಪು, ಅರ್ಧ ಗಂಟೆಗೆ ತಲೆನೋವು. ನಮ್ಮ ಕಡೆ ಒಂದು ದಿನ ಕನ್ನಡ ಸಿನಿಮಾ, ಒಂದು ದಿನ ತೆಲುಗು. ಎರಡೂ ಭಾಷೆಯಲ್ಲಿ ಕೇಳಿಬಿಡಿ.

• ವಾರ್ತೆ ಕೇಳುವಾಗ ಎರಡು ಬಾಕ್ಸಿನ ನಡುವೆ ಕೂತುಕೊಳ್ಳಿ. ಧ್ವನಿ ಎರಡರ ಮಧ್ಯದ ಗಾಳಿಯಲ್ಲಿ, ಅಲ್ಲೇ ಯಾರೋ ಕೂತು ಓದುತ್ತಿದ್ದಾರೆ ಅನ್ನುವ ಹಾಗೆ ಬರಬೇಕು. ತಲೆ ತುಂಬಾ ಹರಡಿಕೊಂಡು ಎಲ್ಲಿಂದ ಅಂತಲೇ ತಿಳಿಯದಿದ್ದರೆ ಒಂದು ಬಾಕ್ಸಿನ ಪ್ಲಸ್ ಮೈನಸ್ ತಿರುಗಾಮುರುಗಾ ಆಗಿದೆ. ಕೆಂಪು ಕೆಂಪಿಗೆ, ಕಪ್ಪು ಕಪ್ಪಿಗೆ ಹಾಕಿಸಿ. ಹೋಗಿದ್ದ ಬೇಸ್ ಕೂಡ ವಾಪಸ್ ಬರುತ್ತದೆ.

• ಕಛೇರಿ ಕೇಳುವವರು ತಂಬೂರಿಯಿಂದ ಪರೀಕ್ಷೆ ಮಾಡಿ. ಹಾಡು ಶುರುವಾಗುವ ಮುಂಚೆ ಬರುವ ಶ್ರುತಿ ಇದೆಯಲ್ಲ, ಅದು 'ಜೊಂಯ್' ಅಂತ ಒಂದೇ ಎಳೆಯಾದರೆ ಸಾಲದು. ಒಳಗೆ ಜೇನ್ನೊಣ ಗುಂಯ್ಗುಟ್ಟಿದ ಹಾಗೆ ಎಳೆ ಎಳೆ ತಿರುಗುತ್ತಿರಬೇಕು. ಆಮೇಲೆ ಮೃದಂಗ ಕೇಳಿ. ಬಲಗಡೆಯ ಗಟ್ಟಿ ನಾದ ಬೇರೆ, ರವೆ ಹಚ್ಚಿದ ಎಡಗಡೆಯ 'ಗುಂ' ಬೇರೆ. ಎರಡೂ ಕಲಸಿದ ಹಾಗಿದ್ದರೆ ಬೇಡ.

• ಸಿನಿಮಾದವರು, ಕುಣಿಯುವವರು ತಮಟೆ ಹಾಕಿಸಿ. ಬೆಂಕಿಗೆ ಕಾಯಿಸಿ ಬಿಗಿ ಮಾಡಿದ ತಮಟೆಗೆ ಬೀಳುವ ಪೆಟ್ಟು ಬಿಡಿ ಬಿಡಿ. ಒಂದು ಪೆಟ್ಟು ಮುಗಿದು ಇನ್ನೊಂದು ಬರುವಷ್ಟರಲ್ಲಿ ನಡುವೆ ಚೂರು ಮೌನ ಇರುತ್ತದೆ. ಕಳಪೆ ವೂಫರಿನಲ್ಲಿ ಆ ಮೌನ ತುಂಬಿಹೋಗಿ 'ಗುಡುಗುಡು' ಅಂತ ಮುದ್ದೆಯಾಗುತ್ತದೆ. ಮುದ್ದೆ ತಟ್ಟೆಯಲ್ಲಿ ಚೆಂದ, ಸ್ಪೀಕರಿನಲ್ಲಿ ಅಲ್ಲ. ಶಿಡ್ಲಘಟ್ಟ ಕಡೆಯ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರ ತಮಟೆಗೆ 2023ರಲ್ಲಿ ಪದ್ಮಶ್ರೀ ಬಂತಲ್ಲ, 2007ಕ್ಕೆ ಮುಂಚೆ ಆ ಸೀಮೆಯೆಲ್ಲ ನಮ್ಮ ಕೋಲಾರ ಜಿಲ್ಲೆಯೇ. ನಿಜವಾದ ಪೆಟ್ಟು ಹೇಗಿರುತ್ತದೆ ಅಂತ ಮರೆತುಹೋಗಿದ್ದರೆ ಒಂದು ಹುಣ್ಣಿಮೆ ರಾತ್ರಿ ತೇರಹಳ್ಳಿ ಬೆಟ್ಟ ಹತ್ತಿ ಅಲ್ಲಿನ ಆದಿಮ ಸಾಂಸ್ಕೃತಿಕ ಕೇಂದ್ರದ 'ಹುಣ್ಣಿಮೆ ಹಾಡು' ಕೇಳಿ ಬನ್ನಿ. ಕಿವಿ ತೊಳೆದ ಹಾಗಾಗುತ್ತದೆ. ಆಮೇಲೆ ಅಂಗಡಿಗೆ ಹೋಗಿ.

• ಈಗ ದನಿ ಪೂರ್ತಿ ಇಳಿಸಿ. ಪಕ್ಕದವರ ಜೊತೆ ಮಾತಾಡುವಷ್ಟು ಮೆಲ್ಲಗೆ ಇಟ್ಟು ಅದೇ ಹಾಡು ಮತ್ತೆ ಕೇಳಿ. ಅಂಗಡಿಯವರಿಗೆ ಇದು ಹಿಡಿಸುವುದಿಲ್ಲ, ಆದರೂ ಬಿಡಬೇಡಿ. ಮನೆಯಲ್ಲಿ ವರ್ಷದ ಮುನ್ನೂರು ದಿನ ಸ್ಪೀಕರ್ ಹಾಡುವುದು ಹೀಗೇ, ಒಂದು ಕಡೆ ಕುಕ್ಕರ್ ಕೂಗು, ಇನ್ನೊಂದು ಕಡೆ ಮಕ್ಕಳ ಪಾಠ. ಮೆಲ್ಲಗೆ ಇಟ್ಟಾಗಲೂ ಮಾತು, ತಾಳ, ಪಿಟೀಲು ಎಲ್ಲ ಉಳಿದಿದ್ದರೆ ಆ ಬಾಕ್ಸ್ ಒಳ್ಳೆಯದು. ಜೋರು ಮಾಡಿದರೆ ಮಾತ್ರ ಜೀವ ಬರುವ ಡಬ್ಬಿ ಗಣೇಶನ ಪೆಂಡಾಲಿಗೆ ಇರಲಿ.

• ಆಮೇಲೆ ಮುಕ್ಕಾಲು ಭಾಗ ಏರಿಸಿ, ಎರಡೇ ನಿಮಿಷ. 'ಜರ್ ಜರ್', 'ಪಟ್ ಪಟ್' ಏನಾದರೂ ಬರುತ್ತದೆಯೇ ನೋಡಿ. ಬಂದರೆ ಬಾಕ್ಸಿನ ಮೇಲೆ ಕೈ ಇಡಿ. ಕೈ ಇಟ್ಟಾಗ ನಿಂತರೆ ಸ್ಕ್ರೂ ಸಡಿಲ, ನಿಲ್ಲದಿದ್ದರೆ ಕೋನಿನದೇ ದೋಷ.

• ಹಾಡು ನಿಲ್ಲಿಸಿ, ಆಂಪ್ಲಿ ಆನ್ ಇರಲಿ, ಕಿವಿಯನ್ನು ಬಾಕ್ಸಿಗೆ ಹತ್ತಿರ ಒಯ್ಯಿರಿ. ಸಣ್ಣಗೆ 'ಹಿಸ್' ಇದ್ದೇ ಇರುತ್ತದೆ. ಒಂದು ಮಾರು ದೂರಕ್ಕೂ 'ಗೊಂಯ್' ಅಂತ ಕೇಳಿದರೆ ತರಬೇಡಿ.

• ಬ್ಲೂಟೂತ್‌ನಲ್ಲಿ ಹಾಡು ಚೆನ್ನಾಗಿ ಬರುತ್ತದೆ ಅಂತ ಸಿನಿಮಾಕ್ಕೂ ಅದೇ ಸಾಕು ಅಂದುಕೊಳ್ಳಬೇಡಿ. ತುಟಿ ಮುಂದೆ, ಮಾತು ಹಿಂದೆ ಆಗುತ್ತದೆ. ಟಿವಿಗೆ ಎಚ್‌ಡಿಎಂಐ ಎಆರ್‌ಸಿ ಅಥವಾ ಆಪ್ಟಿಕಲ್ ತೂತು ಇರುವುದನ್ನೇ ಕೇಳಿ. ನಿಮ್ಮ ಟಿವಿಯ ಹಿಂಭಾಗದ ಫೋಟೋ ಹೊಡೆದುಕೊಂಡು ಹೋದರೆ ಅಂಗಡಿಯಲ್ಲಿ ತಡಕಾಡುವುದು ತಪ್ಪುತ್ತದೆ.

• ಸಣ್ಣ ಹಾಲಿಗೆ ಐದು ಅಗ್ಗದ ಡಬ್ಬಿಗಿಂತ ಎರಡು ಒಳ್ಳೆ ಡಬ್ಬಿ ಮೇಲು. 5.1 ಅಂದರೆ ಸುತ್ತ ಐದು, ಗುದ್ದಿಗೊಂದು. ಹಿಂದಿನ ಎರಡಕ್ಕೆ ವೈರು ಬಾಗಿಲು ದಾಟಿಸಿ ಎಳೆಯಬೇಕು, ಯಾರಾದರೂ ಎಡವುವುದು ಗ್ಯಾರಂಟಿ.

• ಪಕ್ಕಾ ಬಿಲ್ಲು ಕೇಳಿ ತಗೊಳ್ಳಿ. 'ಬಿಲ್ಲಿಲ್ಲದಿದ್ದರೆ ಇನ್ನೂರು ಕಡಿಮೆ' ಅನ್ನುವವರಿಗೆ ಇನ್ನೂರು ಕೊಟ್ಟೇಬಿಡಿ. ವಾರಂಟಿ ಕಾರ್ಡಿಗೆ ಅಂಗಡಿ ಸೀಲು, ತಾರೀಕು ಬೀಳಿಸಿಕೊಂಡೇ ಹೊರಡಿ. ತಕರಾರು ಬಂದು ಯಾರೂ ಕೇಳದಿದ್ದರೆ 1915ಕ್ಕೆ ಫೋನ್ ಮಾಡಿ, ಅದು ಗ್ರಾಹಕರ ಸಹಾಯವಾಣಿ. ಅವರೂ ಮೊದಲು ಕೇಳುವುದು ಬಿಲ್ಲನ್ನೇ.

ಹಳೇ ಸಾಮಾನು ಕೊಳ್ಳುವುದಾದರೆ

• ಕೊಳ್ಳಿ, ತಪ್ಪೇನಿಲ್ಲ. ಒಳ್ಳೆ ಹಳೇ ಬಾಕ್ಸ್ ಇವತ್ತಿನ ಎಷ್ಟೋ ಹೊಸದಕ್ಕಿಂತ ಚೆನ್ನಾಗಿ ಹಾಡುತ್ತದೆ. ಆದರೆ ಕೋನಿನ ಸುತ್ತ ಇರುವ ಅಂಚನ್ನು ಬೆರಳಲ್ಲಿ ಮುಟ್ಟಿ ನೋಡಿ. ಫೋಮ್ ಆಗಿದ್ದರೆ ಹತ್ತು ಹದಿನೈದು ವರ್ಷಕ್ಕೆ ಹಳೇ ಸ್ಪಂಜಿನ ಹಾಗೆ ಪುಡಿ ಉದುರುತ್ತದೆ. ರಬ್ಬರ್ ಅಂಚು ಹೆಚ್ಚು ಬಾಳುತ್ತದೆ. ಫೋಮ್ ಬದಲಾಯಿಸುವವರು ಸಿಗುತ್ತಾರೆ, ಆ ಖರ್ಚು ಬೆಲೆಯಲ್ಲಿ ಕಡಿಮೆ ಮಾಡಿಸಿ.

• ವೂಫರಿನ ಕೋನನ್ನು ನಾಲ್ಕು ಕಡೆ ನಾಲ್ಕು ಬೆರಳಿಟ್ಟು ಸಮನಾಗಿ, ಮೆಲ್ಲಗೆ ಒಳಕ್ಕೆ ಒತ್ತಿ. ಬೆಣ್ಣೆಯಂತೆ ಹೋಗಿ ಬರಬೇಕು. 'ಕರ್' ಅಂದರೆ ಒಳಗೆ ಕಾಯಿಲ್ ಉಜ್ಜುತ್ತಿದೆ.

• ಟಾರ್ಚಿನ ಒಂದೂವರೆ ವೋಲ್ಟ್ ಸೆಲ್ ಒಂದು, ಎರಡು ತುಂಡು ವೈರು ಜೇಬಿನಲ್ಲಿರಲಿ. ವೂಫರಿನ ಎರಡು ಕಿವಿಗೆ ಒಂದು ಕ್ಷಣ ತಾಗಿಸಿ ತೆಗೆಯಿರಿ. 'ಟುಪ್' ಅಂದರೆ ಜೀವ ಇದೆ. ಒತ್ತಿ ಹಿಡಿಯಬೇಡಿ, ಟ್ವೀಟರಿಗಂತೂ ಮಾಡಲೇಬೇಡಿ.

• ಸ್ಕ್ರೂ ತಲೆ ಸವೆದಿದ್ದರೆ ಬಾಕ್ಸನ್ನು ಯಾರೋ ಬಿಚ್ಚಿದ್ದಾರೆ. 'ಒಳಗೆ ಏನು ಬದಲಾಯಿಸಿದ್ದೀರಿ' ಅಂತ ನೇರವಾಗಿ ಕೇಳಿ, ಮುಖ ನೋಡುತ್ತಾ ಕೇಳಿ.

ಮನೆಗೆ ತಂದ ಮೇಲೆ

• ರಟ್ಟಿನ ಡಬ್ಬಿ, ಥರ್ಮಾಕೋಲ್ ಎಸೆಯಬೇಡಿ. ವಾರಂಟಿ ಮುಗಿಯುವವರೆಗೆ ಅಟ್ಟದಲ್ಲಿರಲಿ. ಗೋಣಿಚೀಲದಲ್ಲಿ ಸುತ್ತಿ ಬಸ್ಸಿನ ಟಾಪಿಗೆ ಹಾಕಿದ ಸ್ಪೀಕರ್ ರಿಪೇರಿಗಿಂತ ಹೆಚ್ಚು ಕೆಟ್ಟು ಬರುತ್ತದೆ.

• ಮೂಲೆಗೆ ತುರುಕಬೇಡಿ. ಗೋಡೆಗೆ ಹತ್ತಿರ ಹೋದಷ್ಟೂ ಬೇಸ್ ಊದಿಕೊಳ್ಳುತ್ತದೆ, ಮೂಲೆಯಲ್ಲಿ ಇನ್ನೂ ಹೆಚ್ಚು, ಆಮೇಲೆ ಮಾತು ಮುಳುಗುತ್ತದೆ. ಒಂದಡಿಯಾದರೂ ಮುಂದೆ ಎಳೆಯಿರಿ. ಕಸ ಗುಡಿಸಲೂ ಅನುಕೂಲ.

• ಎರಡು ಬಾಕ್ಸಿನ ನಡುವೆ ಎಷ್ಟು ಅಂತರವೋ ನೀವು ಕೂರುವ ಜಾಗಕ್ಕೂ ಸುಮಾರು ಅಷ್ಟೇ ಇರಲಿ, ಒಲೆಯ ಮೂರು ಗುಂಡಿನ ಹಾಗೆ. ಟ್ವೀಟರ್ ಕೂತವರ ಕಿವಿಯ ಮಟ್ಟಕ್ಕೆ ಬರಲಿ. ಸಜ್ಜಾ ಮೇಲೆ ಇಟ್ಟರೆ ಹಾಡು ಹಲ್ಲಿಗಳಿಗೆ. ಸ್ಟ್ಯಾಂಡಿಗೆ ದುಡ್ಡಿಲ್ಲವೇ, ಮಾಲೂರಿನ ಇಟ್ಟಿಗೆ ಜೋಡಿಸಿ ಮೇಲೊಂದು ಕಡಪಾ ಕಲ್ಲು ಇಡಿ. ನಮ್ಮ ಮನೆಯಲ್ಲಿ ಇವತ್ತಿಗೂ ಅದೇ ಇದೆ.

• ಸಬ್ ವೂಫರ್ ಎಲ್ಲಿಡಬೇಕು ಅಂತ ತಿಳಿಯದಿದ್ದರೆ ಒಂದು ಉಪಾಯ. ನೀವು ಕೂರುವ ಕುರ್ಚಿಯ ಮೇಲೆ ಸಬ್ ವೂಫರನ್ನೇ ಕೂರಿಸಿ, ಬೇಸ್ ಹೆಚ್ಚಿರುವ ಹಾಡು ಹಾಕಿ, ನೀವು ನೆಲದ ಮೇಲೆ ಅಂಬೆಗಾಲಿಟ್ಟು ಗೋಡೆ ಸುತ್ತ ಹೋಗಿ. ಎಲ್ಲಿ ಗುದ್ದು ಸ್ವಚ್ಛವಾಗಿ, ಊದಿಕೊಳ್ಳದೆ ಕೇಳುತ್ತದೋ ಅಲ್ಲಿಗೆ ಅದನ್ನು ಇಳಿಸಿ. ನನ್ನ ಮಂಡಿಗೆ ಇದು ಆಗದು, ಮೊಮ್ಮಗಳನ್ನು ಬಿಡುತ್ತೇನೆ. ಹಿಂದೆ ಗುಂಡಿಯ ಮೇಲೆ ಹರ್ಟ್ಸ್ ಅಂಕಿ ಇದ್ದರೆ 80ರ ಹತ್ತಿರ ಇಟ್ಟು ಶುರುಮಾಡಿ.

• ವೈರು ಕೊಳ್ಳುವಾಗ ತುದಿಯನ್ನು ಬ್ಲೇಡಿನಿಂದ ಕೆರೆದು ನೋಡಿ. ಮೇಲೆ ತಾಮ್ರದ ಬಣ್ಣ, ಒಳಗೆ ಬೆಳ್ಳಗಿದ್ದರೆ ಅದು ಬಣ್ಣ ಹಚ್ಚಿದ ಅಲ್ಯೂಮಿನಿಯಂ, ತಾಮ್ರದ ಬೆಲೆ ಕೊಡಬೇಡಿ. ದೂರ ಹೆಚ್ಚಾದಷ್ಟೂ ವೈರು ದಪ್ಪ ಇರಲಿ. ಸಿಕ್ಕಿಸಿದ ಮೇಲೆ ಒಂದೆಳೆ ತಂತಿಯೂ ಪಕ್ಕದ ಗುಂಡಿಗೆ ತಾಗದಂತೆ ಹೊಸೆಯಿರಿ. ಆ ಒಂದೆಳೆಗೆ ಆಂಪ್ಲಿ ಹೋದದ್ದುಂಟು.

• ಟಿವಿಯಿಂದ ಶಬ್ದವೇ ಬರುತ್ತಿಲ್ಲ ಅಂತ ಅಂಗಡಿಯವರನ್ನು ಬೈಯುವ ಮುಂಚೆ ಕೇಬಲ್ ಎಆರ್‌ಸಿ ಅಂತ ಬರೆದ ತೂತಿನಲ್ಲೇ ಇದೆಯೇ ನೋಡಿ. ಆಮೇಲೆ ಟಿವಿ ಸೆಟ್ಟಿಂಗಿನಲ್ಲಿ ಹೊರಗಿನ ಸ್ಪೀಕರ್ ಆಯ್ಕೆ ಮಾಡಿ. ಹತ್ತರಲ್ಲಿ ಎಂಟು ಫೋನು ನನಗೆ ಇದಕ್ಕೇ ಬರುತ್ತವೆ.

• ದನಿ ಪೂರ್ತಿ ಮೇಲಿದ್ದಾಗ ವೈರು ಕೀಳಬೇಡಿ, ಹಾಕಬೇಡಿ. ಆ ಒಂದು 'ಢಬ್' ಕೋನಿಗೆ ಏಟು.

• ಸಣ್ಣ ಆಂಪ್ಲಿಯನ್ನು ಕೊನೆಯವರೆಗೆ ತಿರುಗಿಸಿ ಗಂಟೆಗಟ್ಟಲೆ ಬಿಡಬೇಡಿ. ಶಬ್ದ ಒಡೆಯಲು ಶುರುವಾಯಿತು ಅಂದರೆ ಮೊದಲು ಸುಡುವುದು ಟ್ವೀಟರ್.

ಕರೆಂಟು, ಧೂಳು, ಇತ್ಯಾದಿ

• ಪಂಪ್‌ಸೆಟ್ ಓಡುವ ಹಳ್ಳಿ ಲೈನಿನಲ್ಲಿ ಕರೆಂಟು ಏರಿಳಿಯುತ್ತದೆ. ಸ್ಟೆಬಿಲೈಸರ್ ಹಾಕಿ. ಯುಪಿಎಸ್‌ಗೆ ತಿರುಗಿದ ತಕ್ಷಣ ಸ್ಪೀಕರ್ 'ಗುಂಯ್' ಅಂದರೆ ಅದು ಅಗ್ಗದ ಯುಪಿಎಸ್‌ನ ಗುಣ, ಸ್ಪೀಕರನ್ನು ದೂರಬೇಡಿ. ಯಾವಾಗಲೂ ಗುಂಯ್ ಅಂದರೆ ಅರ್ಥಿಂಗ್ ನೋಡಿಸಿ. ಅರ್ಥಿಂಗ್ ಮನುಷ್ಯರಿಗೂ ಬೇಕು.

• ಅಶ್ವಿನಿ, ಭರಣಿ ಮಳೆಯ ಗುಡುಗು ಬಂದಾಗ ಪ್ಲಗ್ ಕಿತ್ತಿಡಿ. ಸ್ವಿಚ್ ಆರಿಸಿದರೆ ಸಾಲದು. ಡಿಶ್‌ನ ವೈರನ್ನೂ ಕೀಳಿ, ಸಿಡಿಲು ಆ ದಾರಿಯಲ್ಲೂ ಬರುತ್ತದೆ.

• ಇಟ್ಟಿಗೆ ಗೂಡು, ಕಲ್ಲು ಕ್ವಾರಿ ಹತ್ತಿರ ಮನೆ ಇರುವವರು ವಾರಕ್ಕೊಮ್ಮೆ ಮೆತ್ತನೆ ಬಣ್ಣದ ಬ್ರಷ್‌ನಿಂದ ಧೂಳು ಹೊಡೆಯಿರಿ. ಒದ್ದೆ ಬಟ್ಟೆ ಬೇಡ, ಪೇಪರ್ ಕೋನು ಹಪ್ಪಳದ ಹಾಗೆ ಸೊಟ್ಟಗಾಗುತ್ತದೆ.

• ಮುಂದಿನ ಬಟ್ಟೆ ಜಾಲರಿ ತೆಗೆದಿಡಬೇಡಿ. ಮಧ್ಯದ ಗುಬುಟು ಕಂಡರೆ ಎರಡು ವರ್ಷದ ಮಗು ಒತ್ತಿಯೇ ಒತ್ತುತ್ತದೆ.

• ಸಬ್ ವೂಫರಿನ ತೂತಿನೊಳಗೆ ಇಲಿ ಮರಿ ಹಾಕಿದ್ದನ್ನು ನಾನೇ ತೆಗೆದಿದ್ದೇನೆ. ಊರಿಗೆ ಹೋಗುವಾಗ ಹಳೇ ಕಾಲುಚೀಲ ತುರುಕಿ ಹೋಗಿ. ಬಂದ ಮೇಲೆ ತೆಗೆಯಿರಿ, ಅದನ್ನೇ ಮರೆಯುತ್ತೀರಿ.

• ಬಾಕ್ಸಿನ ಮೇಲೆ ಮನಿಪ್ಲಾಂಟ್ ಬಾಟಲಿ, ದೇವರ ವಿಗ್ರಹ, ಕಾಫಿ ಲೋಟ ಇಡಬೇಡಿ. ನಡುಗಿ ನಡುಗಿ ಅಂಚಿಗೆ ಬಂದು ಬೀಳುತ್ತವೆ.

• ಆಯುಧಪೂಜೆಗೆ ಸ್ಪೀಕರಿಗೂ ಪೂಜೆ ಮಾಡಿ, ಸಂತೋಷ. ಕುಂಕುಮವನ್ನು ಮರದ ಪಕ್ಕಕ್ಕೆ ಹಚ್ಚಿ, ಕೋನಿನ ಮಧ್ಯಕ್ಕೆ ಬೇಡ. ನೀರು ಚಿಮುಕಿಸಬೇಡಿ. ನಿಂಬೆಹಣ್ಣು ದೂರ ಇಟ್ಟರೂ ದೇವಿಗೆ ಬೇಸರವಿಲ್ಲ.

• ಬಿಲ್ಲು, ವಾರಂಟಿ ಕಾರ್ಡನ್ನು ರೇಷನ್ ಕಾರ್ಡಿನ ಡಬ್ಬಿಯಲ್ಲೇ ಇಡಿ. ಬಿಲ್ಲಿನ ಶಾಯಿ ವರ್ಷದಲ್ಲಿ ಮಾಸುತ್ತದೆ, ಅವತ್ತೇ ಒಂದು ಫೋಟೋ ಹೊಡೆದಿಟ್ಟುಕೊಳ್ಳಿ.

• ರಾತ್ರಿ ಹತ್ತರ ಮೇಲೆ ಬೇಸ್ ಇಳಿಸಿ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮದಲ್ಲಿ ಮನೆಗಳಿರುವ ಜಾಗಕ್ಕೆ ಹಗಲು 55 ಡೆಸಿಬಲ್, ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ 45 ಅಂತ ಇದೆ. ನಿಯಮ ಹಾಗಿರಲಿ, ಮಾತು ಗೋಡೆಗೆ ನಿಂತರೂ ಗುದ್ದು ನಿಲ್ಲುವುದಿಲ್ಲ, ತೊಲೆ ಹಿಡಿದು ಪಕ್ಕದ ಮನೆಗೆ ಹೋಗುತ್ತದೆ. ಸೌಂಡ್ ಬಾರಿನಲ್ಲಿ ನೈಟ್ ಮೋಡ್ ಅಂತ ಒಂದು ಗುಂಡಿ ಇರುತ್ತದೆ, ಒತ್ತಿ. ಪಕ್ಕದ ಮನೆಯ ಹುಡುಗಿಗೆ ಈ ಸಲ ಎಸ್ಸೆಸ್ಸೆಲ್ಸಿ.